ಗುಳಿಗೆಯನ್ನು ಬಿಡುವವನು ತಪ್ಪಿತಸ್ಥನೋ?

ತನಗೆ ಹಿತವಾದದ್ದು ಯಾವದೆಂದು ಚೆನ್ನಾಗಿ ತಿಳಿದಿರುವ ಮನುಷ್ಯನು, ಅದು ಕೈಗೆಟಕುವಷ್ಟು ಹತ್ತಿರವಿದ್ದರೂ, ಅದನ್ನು ಮಾಡದೆ ಬಿಡುವದು ಯಾಕೆ? ಈ ಪ್ರಶ್ನೆಯು ಬಹು ಹಳೇದು. ನಾವು ಸೆಮಿನರಿಯಲ್ಲಿ ಕಲಿಯುತ್ತಿದ್ದಾಗ ಇದನ್ನು ಪುಸ್ತಕಗಳಲ್ಲಿ ಓದಿದ್ದೆವು, ಪರೀಕ್ಷೆಯಲ್ಲಿ ಉತ್ತರವನ್ನೂ ಬರೆದಿದ್ದೆವು. ಆದರೆ ಅದರ ಭಾರವು ನಮಗೆ ತಿಳಿದದ್ದು ಒಂದು ಜೋಳದ ಚೀಲದ ಹಿಂದಿನಿಂದ ಹೊರಗೆ ಬಂದ ಗುಳಿಗೆಗಳನ್ನು ಕಣ್ಣಾರೆ ಕಂಡ ದಿವಸದಲ್ಲಿಯೇ.

ನಮ್ಮ ಸಭೆಗಳೊಂದರಲ್ಲಿ ಅರುವತ್ತು ದಾಟಿದ ಒಬ್ಬ ಹಿರಿಯರಿದ್ದಾರೆ. ಹೆಸರು ಬೇಡ. ನಾಲ್ಕು ಎಕರೆ ಎರೆಹೊಲ, ಒಂದು ಜೋಡಿ ಎತ್ತು, ಸತ್ಯಕ್ಕೆ ಹೆಸರಾದ ನಾಲಿಗೆ. ಬದುವಿನ ಜಗಳ ಬಂದರೆ ಊರಿನವರು ಜಾತಿ ಮತ ನೋಡದೆ ಅವರನ್ನೇ ಸಾಕ್ಷಿಗೆ ಕರೆಯುವರು. ಕೆಲವು ವರುಷಗಳ ಹಿಂದೆ ಅವರಿಗೆ ಮಧುಮೇಹ, ಅಂದರೆ ನಮ್ಮ ಜನರು ಸಕ್ಕರೆ ಬೇನೆ ಎಂದು ಕರೆಯುವ ರೋಗವು, ಉಂಟೆಂದು ಗೊತ್ತಾಯಿತು. ಸರಕಾರಿ ದವಾಖಾನೆಯಲ್ಲಿ ಎರಡು ತರದ ಗುಳಿಗೆಗಳನ್ನು ಪುಕ್ಕಟೆಯಾಗಿ ಕೊಟ್ಟರು. ಮೊದಲನೆಯ ವರುಷದಲ್ಲಿಯೇ ಅವರು ಒಂದು ದಿನ ನಮ್ಮ ಸಂಗಡ ಮಾತಾಡುತ್ತಾ, ಆಗಾಗ ಗುಳಿಗೆ ತಪ್ಪುತ್ತದೆಂದು ನಗುತ್ತಾ ಹೇಳಿದರು. ನಾವೋ, ಮುಂದಿನ ಆದಿತ್ಯವಾರ ಸಂಜೆಯ ಮನೆಕೂಟದಲ್ಲಿ, ಹತ್ತು ಹನ್ನೆರಡು ಮಂದಿಯ ಎದುರಿಗೆ, ಅಜಾಗ್ರತೆಗೆ ದೃಷ್ಟಾಂತವಾಗಿ ಅವರನ್ನೇ ಎತ್ತಿ ತೋರಿಸಿದೆವು. ದೇವರು ಕೊಟ್ಟ ದೇಹವನ್ನು ಕೆಡಿಸುವದು ಕಳ್ಳತನಕ್ಕೆ ಸಮಾನವೆಂದು ಕೂಡ ಅಂದಂತೆ ನೆನಪು. ಅವರು ತಲೆ ತಗ್ಗಿಸಿ ಕೂತರು. ಆ ಮೇಲೆ ನಾವು ಯಾವಾಗ ಕೇಳಿದರೂ, "ತಪ್ಪದಂಗ ತಗೋತೀನ್ರಿ" ಎಂಬ ಒಂದೇ ಉತ್ತರ. ನಮಗೆ ಬಹಳ ಸಂತೋಷವಾಯಿತು. ನಮ್ಮ ಬುದ್ಧಿವಾದವು ಫಲಿಸಿತೆಂದು ಒಬ್ಬಿಬ್ಬರೊಡನೆ ಹೇಳಿಕೊಂಡದ್ದೂ ಉಂಟು.

ಎರಡು ವರುಷಗಳ ತರುವಾಯ ಅವರ ಬಲಗಾಲಿನಲ್ಲಿ ಜಾಲಿಮುಳ್ಳು ಮುರಿದು ಒಳಗೇ ಉಳಿಯಿತು. ನೋವು ತಿಳಿಯಲಿಲ್ಲ, ಯಾಕಂದರೆ ಹೆಚ್ಚಿದ ಸಕ್ಕರೆಯು ಬಹುಕಾಲದಿಂದ ಕಾಲಿನ ನರಗಳನ್ನು ಮಂಕುಮಾಡಿತ್ತು. ವಾಸನೆ ಬಂದ ಮೇಲೆಯೇ ಹೆಂಡತಿಯು ನೋಡಿದರು. ಪಟ್ಟಣದ ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಹೋದವರಲ್ಲಿ ನಾವೂ ಒಬ್ಬರು. ಬರಿಹೊಟ್ಟೆಯಲ್ಲಿ ರಕ್ತವನ್ನು ನೋಡಿದಾಗ ಸಕ್ಕರೆಯು ೧೩೨, ಅಷ್ಟೇನೂ ಹೆಚ್ಚಲ್ಲ. ನಾವು ವೈದ್ಯರಿಗೆ, ಇವರು ಒಂದು ದಿನವೂ ಗುಳಿಗೆ ತಪ್ಪಿಸಿದವರಲ್ಲವೆಂದು ಸಾಕ್ಷಿ ಹೇಳಿದೆವು. ಆದರೆ ಎಚ್‌ಬಿಎ೧ಸಿ ಎಂಬ ಇನ್ನೊಂದು ಪರೀಕ್ಷೆಯ ಕಾಗದವು ಮಧ್ಯಾಹ್ನ ಬಂದಾಗ ಅದರಲ್ಲಿ ೧೦.೮ ಎಂದು ಬರೆದಿತ್ತು. ರೋಗವಿಲ್ಲದವರಲ್ಲಿ ಇದು ೫.೭ಕ್ಕೆ ಒಳಗಿರುವದು, ರೋಗವುಳ್ಳವರಲ್ಲಿ ೭ರ ಆಸುಪಾಸಿನಲ್ಲಿ ನಿಲ್ಲಿಸಲು ವೈದ್ಯರು ಬಹುಮಟ್ಟಿಗೆ ಪ್ರಯತ್ನಿಸುವರು. ಬರಿಹೊಟ್ಟೆಯ ಸಕ್ಕರೆಯು ನಿನ್ನೆ ಮೊನ್ನೆಯ ಮಾತನ್ನು ಮಾತ್ರ ಹೇಳುತ್ತದೆ. ಈ ಪರೀಕ್ಷೆಯೋ, ರಕ್ತದ ಕೆಂಪು ಕಣಗಳಿಗೆ ಅಂಟಿಕೊಂಡ ಸಕ್ಕರೆಯನ್ನು ಲೆಕ್ಕಿಸುತ್ತದೆ. ಆ ಕಣಗಳು ಸುಮಾರು ೧೨೦ ದಿನ ಬದುಕುವದರಿಂದ ಎರಡು ಮೂರು ತಿಂಗಳ ಸಂಗತಿಯು ಅದರಲ್ಲಿ ಬಯಲಾಗುತ್ತದೆ. ಆಸ್ಪತ್ರೆಗೆ ಹೋಗುವ ಮುಂಚೆ ಎರಡು ಮೂರು ದಿನ ಮಾತ್ರ ಪಥ್ಯ ಮಾಡಿ ಗುಳಿಗೆ ನುಂಗುವವರು ಎಲ್ಲಾ ದೇಶಗಳಲ್ಲಿಯೂ ಇದ್ದಾರೆಂದು ವೈದ್ಯರು ಬಲ್ಲರು.

ಆ ವೈದ್ಯರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಾಗದವನ್ನು ಮಡಿಚಿಟ್ಟು, ಮಂಚದ ಬಳಿಯಲ್ಲಿ ಕೂತು, "ಅಜ್ಜಾರ, ಗುಳಿಗಿ ಎಲ್ಲಾರಿಗೂ ತಪ್ತಾವು. ನಿಮಗ ಹೋದ ವಾರದಾಗ ಎಷ್ಟು ದಿನ ತಪ್ಪಿದ್ವು?" ಎಂದು ಕೇಳಿದರು. ಹಿರಿಯರು ನಮ್ಮ ಕಡೆಗೆ ಒಮ್ಮೆ ನೋಡಿ, "ನಿನ್ನಿ ಮೊನ್ನಿ ತಗೊಂಡೇನ್ರಿ. ಅದಕ್ಕ ಮೊದಲ ನಾಕ ತಿಂಗಳಾತು, ಮುಟ್ಟಿಲ್ಲ" ಎಂದರು. ಎರಡು ವರುಷ ನಮಗೆ ಹೇಳದೆ ಇದ್ದದ್ದನ್ನು ಗುರುತಿಲ್ಲದ ಒಬ್ಬ ಹುಡುಗಿಗೆ ಒಂದು ನಿಮಿಷದಲ್ಲಿ ಹೇಳಿದರು! ಸಂಜೆ ನಾವು ಬಟ್ಟೆಬರೆಗಾಗಿ ಅವರ ಮನೆಗೆ ಹೋದಾಗ ಹೆಂಡತಿಯು ಜೋಳದ ಚೀಲವನ್ನು ಸರಿಸಿ, ಒಡೆಯದೆ ಇದ್ದ ಗುಳಿಗೆಯ ಸ್ಟ್ರಿಪ್ಪುಗಳನ್ನು ಸೆರಗಿನ ತುಂಬ ತಂದು ನಮ್ಮ ಮುಂದೆ ಸುರಿದರು. ಹಿರಿಯರ ಎರಡು ಬೆರಳುಗಳನ್ನು ಕತ್ತರಿಸಬೇಕಾಯಿತು.

ಆ ದಿವಸದಿಂದ ನಾವು ನಮ್ಮೊಳಗೆ ಕೇಳಿಕೊಳ್ಳುತ್ತಿರುವ ಪ್ರಶ್ನೆ ಇದು: ತಪ್ಪು ಯಾರದು?

ಗ್ರೀಕರ ಸಾಕ್ರೆಟಿಸನು, ಯಾರೂ ತಿಳಿದು ತಿಳಿದು ಕೆಟ್ಟದ್ದನ್ನು ಮಾಡುವದಿಲ್ಲ, ಮಾಡಿದರೆ ಅವನಿಗೆ ನಿಜವಾಗಿ ತಿಳಿದಿರಲಿಲ್ಲವೆಂದೇ ಅರ್ಥ ಎಂದು ವಾದಿಸಿದನೆಂದು ಓದುತ್ತೇವೆ. ಅವನ ಮಾತಿನಂತೆ ನಡೆದರೆ ರೋಗಿಗೆ ಪಾಠ ಹೇಳಿದರೆ ಸಾಕು. ಆದರೆ ನಮ್ಮ ಹಿರಿಯರಿಗೆ ಪಾಠವು ಬಾಯಿಪಾಠವಾಗಿತ್ತು. ಅರಿಸ್ತಾತಲನು ಇದನ್ನು ಒಪ್ಪದೆ, ತಿಳುವಳಿಕೆಯು ನಿದ್ರೆ ಮಾಡುವವನಲ್ಲಿಯೂ ಕುಡಿದವನಲ್ಲಿಯೂ ಇರುವಂತೆ ಇದ್ದೂ ಇಲ್ಲದ ಹಾಗಿರಬಹುದು, ಆಶೆಯು ಅದನ್ನು ಮುಚ್ಚಿಬಿಡುತ್ತದೆ ಅಂದನು. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ೭ನೆಯ ಅಧ್ಯಾಯದಲ್ಲಿ ತನ್ನೊಳಗಿನ ಇಂಥಾ ಹೋರಾಟವನ್ನೇ ಹೇಳಿಕೊಳ್ಳುವದನ್ನು ನೀವು ಬಲ್ಲಿರಿ. ಆದರೂ ಇವರ ಮಾತುಗಳು ನಮ್ಮ ವಿಷಯಕ್ಕೆ ಪೂರಾ ಹೊಂದುವದಿಲ್ಲ. ಕುಡುಕನಿಗೆ ಕುಡಿತದಲ್ಲಿ ಸುಖವುಂಟು. ಆ ಸುಖವು ಅವನನ್ನು ಎಳೆಯುತ್ತದೆ. ಗುಳಿಗೆಯನ್ನು ನುಂಗದೆ ಇರುವದರಲ್ಲಿ ಏನು ಸುಖ? ನಾವು ಇದನ್ನು ಹಿರಿಯರಿಗೇ ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ಗುಳಿಗೆ ತಕ್ಕೊಂಡ ದಿನ ತಾನು ರೋಗಿ, ತಕ್ಕೊಳ್ಳದ ದಿನ ತಾನು ಹಿಂದಿನಂತೆಯೇ ಒಬ್ಬ ಒಕ್ಕಲಿಗ ಎಂದರು. ಇದು ನಮ್ಮ ಯಾವ ಪುಸ್ತಕದಲ್ಲಿಯೂ ಇರಲಿಲ್ಲ.

ಈ ರೋಗದ ಸ್ವಭಾವವನ್ನು ನೋಡಿದರೆ ಅವರ ಮಾತಿನ ಬಲವು ತಿಳಿಯುವದು. ಮಧುಮೇಹದಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಒಂದು ಬಗೆಯು ಹೆಚ್ಚಾಗಿ ಮಕ್ಕಳಲ್ಲಿಯೂ ಎಳೆಯರಲ್ಲಿಯೂ ತೋರಿಬರುವದು. ಅವರ ದೇಹದಲ್ಲಿ ಇನ್ಸುಲಿನ್ ಎಂಬ ರಸವು ಹುಟ್ಟುವದೇ ನಿಂತುಹೋಗುತ್ತದೆ. ಮುಂಚೆ ಅಂಥಾ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಕೆಲವು ತಿಂಗಳು ಉಳಿಸಿಕೊಳ್ಳುವದರ ಹೊರತು ಬೇರೆ ಉಪಾಯವಿರಲಿಲ್ಲ. ೧೯೨೧ರಲ್ಲಿ ಕೆನಡಾ ದೇಶದ ಟೊರಾಂಟೊ ಪಟ್ಟಣದಲ್ಲಿ ಬ್ಯಾಂಟಿಂಗ್, ಬೆಸ್ಟ್ ಎಂಬವರು ಪ್ರಾಣಿಗಳ ಮೇದೋಜೀರಕಾಂಗದಿಂದ ಆ ರಸವನ್ನು ತೆಗೆದರು. ೧೯೨೨ರ ಜನವರಿಯಲ್ಲಿ ಸಾಯುವ ಸ್ಥಿತಿಯಲ್ಲಿದ್ದ ೧೪ ವರುಷದ ಹುಡುಗನೊಬ್ಬನಿಗೆ ಅದನ್ನು ಚುಚ್ಚಿ ಕೊಡಲು ಅವನು ಚೇತರಿಸಿಕೊಂಡನು. ಇಂಥವರಿಗೆ ಔಷಧದ ಗುಣವೂ ಬಿಟ್ಟರೆ ಬರುವ ಕೇಡೂ ಕೆಲವೇ ದಿನಗಳಲ್ಲಿ ಕಣ್ಣಿಗೆ ಕಾಣುತ್ತವೆ.

ನಮ್ಮ ಹಿರಿಯರಿಗೆ ಬಂದದ್ದು ಎರಡನೆಯ ಬಗೆಯದು. ನಮ್ಮ ನಾಡಿನ ರೋಗಿಗಳಲ್ಲಿ ಬಹುಮಂದಿಗೆ ಇರುವದು ಇದೇ. ಇದರಲ್ಲಿ ಇಂದು ಗುಳಿಗೆಯನ್ನು ಬಿಟ್ಟರೆ ನಾಳೆ ಏನೂ ಆಗುವದಿಲ್ಲ, ನಾಡಿದ್ದೂ ಆಗುವದಿಲ್ಲ. ಕಣ್ಣು, ಮೂತ್ರಪಿಂಡ, ನರ, ಹೃದಯ ಇವುಗಳಿಗೆ ತಗಲುವ ಹಾನಿಯು ಒರಲೆಯು ತೊಲೆಯನ್ನು ತಿನ್ನುವ ಹಾಗೆ ಸದ್ದಿಲ್ಲದೆ ನಡೆಯುತ್ತದೆ. ಇಂಗ್ಲೆಂಡ್ ಮೊದಲಾದ ಬ್ರಿಟಿಷ್ ನಾಡುಗಳಲ್ಲಿ ೧೯೭೭ರಿಂದ ಮೊದಲುಮಾಡಿ, ಹೊಸದಾಗಿ ರೋಗ ಕಂಡುಬಂದ ೫೧೦೨ ಮಂದಿಯನ್ನು ವೈದ್ಯರು ವರುಷಗಟ್ಟಲೆ ಪರೀಕ್ಷಿಸುತ್ತಾ ಬಂದರು. ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟವರಲ್ಲಿ, ಸುಮಾರು ಹತ್ತು ವರುಷಗಳ ಅವಧಿಯಲ್ಲಿ, ಕಣ್ಣು ಮೂತ್ರಪಿಂಡಗಳ ಸಣ್ಣ ರಕ್ತನಾಳಗಳ ಕೇಡು ನೂರಕ್ಕೆ ೨೫ರಷ್ಟು ಕಡಿಮೆಯಾಯಿತೆಂದು ೧೯೯೮ರಲ್ಲಿ ಪ್ರಕಟಿಸಿದರು. ಹತ್ತು ವರುಷ! ಬಿತ್ತಿದವನು ನಾಲ್ಕು ತಿಂಗಳಲ್ಲಿ ತೆನೆ ಕಾಣುತ್ತಾನೆ. ಗುಳಿಗೆ ನುಂಗುವವನ ಬೆಳೆಯಾದರೋ, ಬಾರದೆ ಹೋದ ಕುರುಡು, ಕತ್ತರಿಸದೆ ಉಳಿದ ಕಾಲು. ಬಾರದೆ ಹೋದದ್ದನ್ನು ಯಾರು ಕಣ್ಣಿಂದ ಕಂಡಾರು?

ಹೀಗಿರುವದರಿಂದ ಗುಳಿಗೆಯನ್ನು ಬಿಡುವವರು ಅಪರೂಪದ ಮೂರ್ಖರಲ್ಲ. ೨೦೦೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಪ್ರಕಟಿಸಿದ ಒಂದು ವರದಿಯ ಪ್ರಕಾರ, ಬಹುಕಾಲದ ರೋಗಗಳುಳ್ಳವರಲ್ಲಿ, ಐಶ್ವರ್ಯವುಳ್ಳ ದೇಶಗಳಲ್ಲಿಯೂ, ಔಷಧವನ್ನು ಹೇಳಿದಂತೆ ತಕ್ಕೊಳ್ಳುವವರು ಸುಮಾರು ಅರ್ಧ ಮಾತ್ರ. ಬಡ ದೇಶಗಳಲ್ಲಿ ಅದಕ್ಕಿಂತಲೂ ಕಡಿಮೆ. ನಮ್ಮ ದೇಶದಲ್ಲಿಯೋ ೨೦೨೩ರಲ್ಲಿ ಹೊರಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಂತೆ ೧೦ ಕೋಟಿಗೂ ಮಿಕ್ಕಿ ಜನರಿಗೆ ಮಧುಮೇಹವಿದೆ. ಇದು ಪಟ್ಟಣದ ಸಾಹುಕಾರರ ರೋಗವೆಂದು ಹೇಳುವ ಕಾಲವು ಹೋಯಿತು.

ಅದೇ ವರದಿಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ ಇನ್ನೊಂದು ಸಂಗತಿಯುಂಟು. ಇಂಗ್ಲಿಷ್ ವೈದ್ಯರು ಈ ವಿಷಯವಾಗಿ ಬಹುಕಾಲದಿಂದ ಉಪಯೋಗಿಸುತ್ತಿದ್ದ ಶಬ್ದಕ್ಕೆ ವಿಧೇಯತೆ, ಅಂದರೆ ಹೇಳಿದಂತೆ ಕೇಳುವದು, ಎಂಬ ಅರ್ಥವಿತ್ತು. ವರದಿಯವರು ಅದನ್ನು ಬಿಟ್ಟು, ಅಂಟಿಕೊಂಡಿರುವದು ಎಂಬ ಅರ್ಥದ ಬೇರೆ ಶಬ್ದವನ್ನು ಆರಿಸಿಕೊಂಡರು. ವೈದ್ಯನ ಸಲಹೆಗೆ ರೋಗಿಯು ತಾನೂ ಒಪ್ಪಿರಬೇಕೆಂಬದನ್ನು ಅದರೊಳಗೆ ಸೇರಿಸಿದರು. ಪೂರ್ವದಲ್ಲಿ ಹಿಪ್ಪೊಕ್ರೆಟಿಸನ ಹೆಸರಿನಲ್ಲಿರುವ ಗ್ರೀಕ್ ಬರಹಗಳಲ್ಲಿಯೇ, ರೋಗಿಗಳು ಔಷಧ ತಕ್ಕೊಂಡ ವಿಷಯವಾಗಿ ಸುಳ್ಳು ಹೇಳುವರು, ವೈದ್ಯನು ಎಚ್ಚರವಾಗಿರಲಿ ಎಂಬ ಬುದ್ಧಿಮಾತುಂಟು. ಸುಳ್ಳು ಹೇಳುವರು, ನಿಜ. ಆದರೆ ಗಡಿಕಲ್ಲಿನ ಸಾಕ್ಷಿಯಲ್ಲಿ ಸುಳ್ಳಾಡದವನು ಗುಳಿಗೆಯ ಮಾತಿನಲ್ಲಿ ಸುಳ್ಳಾಡುವದು ಯಾಕೆಂದು ಕೇಳಬೇಡವೇ? ವಿಧೇಯತೆಯನ್ನು ಮಾತ್ರ ಕೇಳುವವನಿಗೆ ಬರುವದು ಎರಡೇ ಉತ್ತರಗಳು: ಆಯಿತು ಎಂಬ ನಿಜ, ಇಲ್ಲವೆ ಆಯಿತು ಎಂಬ ಸುಳ್ಳು. ಮೂರನೆಯ ಉತ್ತರಕ್ಕೆ ನಾವು ಬಾಗಿಲು ತೆರೆದಿಟ್ಟಿರಲಿಲ್ಲ.

ಆ ಮೂರನೆಯ ಉತ್ತರವನ್ನು ಹಿರಿಯರು ಆಸ್ಪತ್ರೆಯಲ್ಲಿದ್ದ ದಿವಸಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೇಳಿದರು. ಮೊದಲನೆಯ ಸಲ ಬಿಟ್ಟದ್ದು ಅಜಾಗ್ರತೆಯಿಂದಲ್ಲ, ಹೆದರಿಕೆಯಿಂದ. ಒಂದು ದಿನ ನಸುಕಿನಲ್ಲಿ ಗುಳಿಗೆ ನುಂಗಿ, ರೊಟ್ಟಿಯ ಬುತ್ತಿ ಬರುವ ಮುಂಚೆಯೇ ಕುಂಟೆ ಹೊಡೆಯಲು ಹೋಗಿದ್ದರು. ಸೂರ್ಯನು ಏರುವಾಗ ಮೈಯೆಲ್ಲಾ ಬೆವತು, ಕೈ ನಡುಗಿ, ಕಣ್ಣು ಕತ್ತಲೆಗೂಡಿ ಸಾಲಿನಲ್ಲಿಯೇ ಕುಸಿದರು. ಎತ್ತುಗಳು ನಿಂತುಬಿಟ್ಟದ್ದರಿಂದ ಬದುಕಿದರು. ವೈದ್ಯರು ಇದನ್ನು ಕೇಳಿದ ಕೂಡಲೇ ಕಾರಣವನ್ನು ಹೇಳಿದರು. ಅವರಿಗೆ ಕೊಟ್ಟಿದ್ದ ಎರಡು ಗುಳಿಗೆಗಳಲ್ಲಿ ಗ್ಲಿಮೆಪಿರೈಡ್ ಎಂಬದು ಇನ್ಸುಲಿನ್ನನ್ನು ಒತ್ತಾಯದಿಂದ ಹೊರಡಿಸುತ್ತದೆ. ಊಟ ಮಾಡದೆ ದುಡಿದರೆ ಸಕ್ಕರೆಯು ಅಪಾಯವಾಗುವಷ್ಟು ಇಳಿದುಹೋಗಬಹುದು. ಮೆಟ್‌ಫಾರ್ಮಿನ್ ಎಂಬ ಇನ್ನೊಂದು ತಾನೊಂದೇ ಇದ್ದರೆ ಸಾಮಾನ್ಯವಾಗಿ ಹಾಗೆ ಮಾಡುವದಿಲ್ಲ. ಅದು ಆರಂಭದಲ್ಲಿ ಹೊಟ್ಟೆ ಕೆಡಿಸೀತು, ಊಟದ ಸಂಗಡ ತಕ್ಕೊಂಡರೆ ಬಹುಮಂದಿಗೆ ಸರಿಹೋಗುತ್ತದೆ. ಅವರು ಹೊಲದಲ್ಲಿ ಬಿದ್ದ ಸಂಗತಿಯನ್ನು ಆ ವಾರವೇ ದವಾಖಾನೆಯಲ್ಲಿ ಹೇಳಿದ್ದರೆ ಗುಳಿಗೆಯನ್ನೋ ಹೊತ್ತನ್ನೋ ಬದಲು ಮಾಡುತ್ತಿದ್ದರು. ಹೇಳಬೇಕಾದರೆ ತಾನಾಗಿಯೇ ಬಿಟ್ಟೆನೆಂಬದನ್ನೂ ಹೇಳಬೇಕು, ಹೇಳಿದರೆ ಬೈಸಿಕೊಳ್ಳಬೇಕು. ಬೈಯುವ ವಿಷಯದಲ್ಲಿ ಅವರಿಗೆ ನಮ್ಮ ಅನುಭವವು ಆಗಿಯೇ ಇತ್ತಷ್ಟೆ.

ಉಳಿದ ಕಾರಣಗಳು ಸಣ್ಣವು, ಆದರೆ ಹಲವು. ಗುಳಿಗೆ ತೀರಿದ ದಿನ ತಾಲೂಕು ಪೇಟೆಗೆ ಹೋದರೆ ಒಂದು ದಿನದ ಕೆಲಸ ಹೋಯಿತು. ಹೋದರೂ ಸಂಗ್ರಹ ಮುಗಿದಿತ್ತೆಂದು ಬರಿಗೈಯಲ್ಲಿ ಬಂದದ್ದುಂಟು. ನೆರೆಯವನೊಬ್ಬನು ಹಾಗಲಕಾಯಿಯ ರಸವೇ ಸಾಕೆಂದನು. ಹಾಗಲಕಾಯಿಯು ಒಳ್ಳೇ ಪಲ್ಯ, ಗುಳಿಗೆಗೆ ಬದಲಲ್ಲ. ಮಗಳ ಮದುವೆಯ ಮಾತು ನಡೆಯುವಾಗ ಬೀಗರ ಕಣ್ಣಿಗೆ ಬೀಳಬಾರದೆಂದು ಗುಳಿಗೆಗಳನ್ನು ಮೊದಲು ಚೀಲದ ಹಿಂದೆ ಇಟ್ಟದ್ದು. ಅಲ್ಲಿಟ್ಟ ಮೇಲೆ ಅವು ನೆನಪಿನಿಂದಲೂ ಮರೆಯಾದವು.

ಇನ್ನೊಂದು ಕಾರಣವನ್ನು ಹೇಳದೆ ಬಿಡಲು ನಮ್ಮ ಮನಸ್ಸೊಪ್ಪದು. ಸ್ವಸ್ಥತೆಯ ಕೂಟವೊಂದರಲ್ಲಿ ಯಾರೋ ಒಬ್ಬರು, ಪ್ರಾರ್ಥಿಸಿದ ಮೇಲೂ ಗುಳಿಗೆ ನುಂಗುವದು ಅಪನಂಬಿಗಸ್ತಿಕೆ ಎಂದರಂತೆ. ಹಿರಿಯರು ಅದನ್ನು ಕೇಳಿ ಬಿಟ್ಟದ್ದಲ್ಲ; ಅದಕ್ಕೆ ಮೊದಲೇ ಬಿಟ್ಟಿದ್ದರು. ಆದರೆ ಬಿಟ್ಟದ್ದಕ್ಕೆ ಒಂದು ಗೌರವದ ಹೆಸರು ಸಿಕ್ಕಿತೆಂದು ಅವರೇ ಹೇಳಿದರು. ಹಿಜ್ಕೀಯ ಅರಸನಿಗೆ, ನೀನು ಗುಣಹೊಂದುವಿ ಎಂಬ ಮಾತು ಪ್ರವಾದಿಯ ಬಾಯಿಂದ ಬಂದ ತರುವಾಯವೂ, ಅದೇ ಪ್ರವಾದಿಯು ಹುಣ್ಣಿನ ಮೇಲೆ ಅಂಜೂರದ ಉಂಡೆಯನ್ನು ಕಟ್ಟಿಸಿದನೆಂದು ಓದುತ್ತೇವಲ್ಲಾ, ಅದು ಅಪನಂಬಿಗಸ್ತಿಕೆಯೋ? ಅಮೇರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ೨೦೦೮ರಲ್ಲಿ ೧೧ ವರುಷದ ಒಬ್ಬ ಬಾಲಿಕೆಗೆ ಮೊದಲನೆಯ ಬಗೆಯ ಮಧುಮೇಹವು ಬಂದಿತ್ತು. ತಂದೆತಾಯಿಗಳು ವೈದ್ಯರನ್ನು ಕರೆಯದೆ ಪ್ರಾರ್ಥನೆಯನ್ನು ಮಾತ್ರ ಮಾಡುತ್ತಿರಲು ಆ ಮಗುವು ತೀರಿಹೋಯಿತು. ನ್ಯಾಯಸ್ಥಾನದಲ್ಲಿ ಅವರು ಅಪರಾಧಿಗಳೆಂದು ತೀರ್ಪಾಯಿತು. ೨೦೧೩ರಲ್ಲಿ ಆ ಸಂಸ್ಥಾನದ ಮೇಲಿನ ನ್ಯಾಯಾಲಯವು ಅದನ್ನೇ ಸ್ಥಿರಪಡಿಸಿತು. ಅವರಿಗೆ ಮಗಳ ಮೇಲೆ ಪ್ರೀತಿಯಿರಲಿಲ್ಲವೆಂದು ಯಾರು ಹೇಳಬಲ್ಲರು? ನಮ್ಮ ಸಭೆಗಳಲ್ಲಿ ಇನ್ಸುಲಿನ್ ತಕ್ಕೊಳ್ಳುವ ಮಕ್ಕಳೂ ಇದ್ದಾರೆ. ಅವರಿಗೆ ಬಿಡಿರೆಂದು ಹೇಳುವವರು ಪ್ರಾಣದ ಸಂಗಡ ಆಟವಾಡುತ್ತಾರೆ.

ಹಾಗಾದರೆ ಹಿರಿಯರದು ಏನೂ ತಪ್ಪಿಲ್ಲವೋ? ನಮ್ಮ ಮನಸ್ಸು ಪಶ್ಚಾತ್ತಾಪದಿಂದ ಆ ಕಡೆಗೇ ಓಡಿತು. ಎಲ್ಲವೂ ನಮ್ಮದೇ ತಪ್ಪು, ನಿಮ್ಮದಲ್ಲವೆಂದು ಅವರ ಮುಂದೆ ಹೇಳಿಯೂ ಬಿಟ್ಟೆವು. ಅದಕ್ಕೆ ಅವರು ಸಿಟ್ಟಾದರು. "ನನ್ನ ತಪ್ಪು ನನಗ ಬಿಡ್ರಿ. ನಾ ಏನ ಕೂಸ ಅಲ್ಲ" ಎಂದರು. ಆಸ್ಪತ್ರೆಯ ಖರ್ಚಿಗೆ ಒಂದು ಎತ್ತನ್ನು ಮಾರಿದ್ದರು. ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದ ಮಗನು ಕೆಲಸ ಬಿಟ್ಟು ಬಂದು ಎರಡು ತಿಂಗಳು ಹೊಲ ನೋಡಿದನು. ಹೆಂಡತಿಯು ಆಸ್ಪತ್ರೆಯ ನೆಲದ ಮೇಲೆ ಮಲಗಿದರು. ತನ್ನ ಕಾಲು ತನ್ನೊಬ್ಬನದಲ್ಲವೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ತಪ್ಪನ್ನು ಪೂರಾ ತೆಗೆದುಬಿಡುವದು ಕೂಡ ಒಂದು ವಿಧವಾದ ಅವಮಾನವೆಂದು ನಾವು ಆಗ ಕಲಿತೆವು. ಯಾಕಂದರೆ ತಪ್ಪು ಮಾಡಲಾರದವನು ಸರಿಯಾದದ್ದನ್ನೂ ಮಾಡಲಾರನು. ತನ್ನ ತಪ್ಪನ್ನು ತಾನೇ ಹೊರುವದು ಬೇರೆ, ಇನ್ನೊಬ್ಬನು ಅದನ್ನು ಹತ್ತು ಮಂದಿಯ ಮುಂದೆ ಹೊರಿಸುವದು ಬೇರೆ. ಮೊದಲನೆಯದು ಅವರಿಂದಾಯಿತು. ಎರಡನೆಯದನ್ನು ಮಾಡುವ ಅಧಿಕಾರವು ನಮಗಿರಲಿಲ್ಲ.

ಅರಾಮ್ ದೇಶದ ನಾಮಾನನ ಕಥೆಯನ್ನು ನಾವು ಎಷ್ಟೋ ಸಲ ಬೋಧಿಸಿದ್ದೇವೆ. ದೊಡ್ಡ ಕೆಲಸವನ್ನು ಹೇಳಿದ್ದರೆ ಮಾಡುತ್ತಿದ್ದನು, ಏಳು ಸಲ ಹೊಳೆಯಲ್ಲಿ ಮುಳುಗು ಅಂದದ್ದಕ್ಕೆ ಕೋಪಗೊಂಡು ತಿರುಗಿಕೊಂಡನು ಎಂಬದನ್ನೇ ಯಾವಾಗಲೂ ಒತ್ತಿ ಹೇಳುತ್ತಿದ್ದೆವು. ಚಿಕ್ಕದೆಂದು ಗುಳಿಗೆಯನ್ನು ಅಸಡ್ಡೆ ಮಾಡುವವರಿಗೆ ಅದು ಸರಿಯಾಗಿ ತಗಲುತ್ತದೆ. ಆದರೆ ಅವನನ್ನು ಹೊಳೆಗೆ ಇಳಿಸಿದವರು ಯಾರು? ಪ್ರವಾದಿಯು ಮನೆಯಿಂದ ಹೊರಗೇ ಬರಲಿಲ್ಲ. ಅವನ ಸೇವಕರೇ ಹತ್ತಿರ ಬಂದು, ಅಪ್ಪಾ ಎಂಬಂತೆ ಕರೆದು, ಮೆಲ್ಲಗೆ ಕೇಳಿದರು. ಅದೂ ಅಪ್ಪಣೆಯಲ್ಲ, ಪ್ರಶ್ನೆ. ನಾಮಾನನಾದರೋ ಏಳು ಸಲ ಮುಳುಗಿ ಎದ್ದನು, ಮುಗಿಯಿತು. ನಮ್ಮ ಹಿರಿಯರು ಬದುಕಿರುವ ತನಕ ದಿನಾಲು ಮುಳುಗಬೇಕು; ದಿನಾಲು ಹತ್ತಿರ ಬಂದು ಕೇಳುವವರು ಯಾರಾದರೂ ಬೇಕು.

ಈಗ ಅವರ ಮನೆಯಲ್ಲಿ ನಡೆಯುವದು ಹೇಗಂದರೆ: ವೈದ್ಯರು ಗುಳಿಗೆಯನ್ನು ಬದಲಿಸಿದ್ದಾರೆ. ಗುಳಿಗೆಯ ಡಬ್ಬಿಯು ಚೀಲದ ಹಿಂದಲ್ಲ, ರೊಟ್ಟಿಯ ಬುಟ್ಟಿಯ ಬದಿಯಲ್ಲಿರುತ್ತದೆ. ರೊಟ್ಟಿಯಿಲ್ಲದೆ ಗುಳಿಗೆಯಿಲ್ಲ, ಗುಳಿಗೆಯಿಲ್ಲದೆ ರೊಟ್ಟಿಯಿಲ್ಲ. ಹೊಲಕ್ಕೆ ಹೋಗುವಾಗ ಧೋತರದ ಗಂಟಿನಲ್ಲಿ ಒಂದು ತುಂಡು ಬೆಲ್ಲ. ಬೆವತು ನಡುಕ ಬಂದರೆ ಬಾಯಿಗೆ ಹಾಕಿಕೊಳ್ಳಲಿಕ್ಕೆ. ಒಂದು ದಿನ ತಪ್ಪಿದರೆ ಮರುದಿನ ಎರಡು ನುಂಗಬಾರದೆಂದೂ, ಬೇನೆ ವಾಸಿಯಾಯಿತೆಂದು ತೋರಿದರೂ ವೈದ್ಯರನ್ನು ಕೇಳದೆ ಬಿಡಬಾರದೆಂದೂ ಹೆಂಡತಿಗೆ ತಿಳಿದಿದೆ. ಅವರು ದಿನಾಲು ರಾತ್ರಿ ದೀಪ ಹಿಡಿದು ಗಂಡನ ಅಂಗಾಲುಗಳನ್ನು ನೋಡುತ್ತಾರೆ. ಪೇಟೆಗೆ ಹೋಗುವ ಹುಡುಗರಲ್ಲೊಬ್ಬನು, ಗುಳಿಗೆ ತೀರುವದಕ್ಕೆ ಒಂದು ವಾರ ಮೊದಲೇ, ಚೀಟಿ ಒಯ್ದು ತರುತ್ತಾನೆ.

ಹೋದ ತಿಂಗಳು ನಾವು ಅವರ ಮನೆಗೆ ಹೋಗಿದ್ದೆವು. ಚಾಪೆ ಹಾಕಿ ಕೂರಿಸಿದ ಮೇಲೆ, ನಾವು ಬಾಯಿ ತೆರೆಯುವ ಮುಂಚೆ, ಹಿರಿಯರೇ ಡಬ್ಬಿಯನ್ನು ತಂದು ಮುಂದಿಟ್ಟು, "ಈ ತಿಂಗಳ ನಾಕು ಉಳದಾವ ನೋಡ್ರಿ" ಎಂದರು. ತಂಗಿಯ ಊರಿನಲ್ಲಿ ಮದುವೆ. ಎರಡು ದಿನ ಡಬ್ಬಿಯನ್ನು ಮರೆತು ಹೋಗಿದ್ದರು. ಮಿಕ್ಕ ಎರಡು ಹೇಗೆ ತಪ್ಪಿದವೋ ಅವರಿಗೆ ನೆನಪಿರಲಿಲ್ಲ. ಹಳೇ ಮಾತುಗಳು ನಮ್ಮ ನಾಲಿಗೆಯ ತುದಿಗೆ ಬಂದವು. ನಾವು ಚಹವನ್ನು ಕುಡಿದು, ಇನ್ನು ಮುಂದಿನ ಮದುವೆ ಯಾವಾಗ ಎಂದು ಕೇಳಿದೆವು. "ಬರೋ ತಿಂಗಳದಾಗ ಐತ್ರಿ," ಎಂದು ಒಳಗಿನಿಂದ ಹೆಂಡತಿಯ ಉತ್ತರ ಬಂತು, "ಡಬ್ಬಿ ನನ್ನ ಚೀಲದಾಗ ಇಟಗೋತೀನಿ."